ಗುಜರಿ ಸೇರಿದ ಮುಟ್ಟುಗಳು: ಗುರುತು, ಹೆಸರು ಮತ್ತು ಬಳಕೆಯ ಚರಿತ್ರೆ

ಕರ್ನಾಟಕದ ಭೌತಿಕ ಜಾನಪದವನ್ನು ಅಧ್ಯಯನ ಮಾಡುವವರಿಗೆ ಆಕರಗಳು ಮುಖ್ಯವಾಗಿ ಎರಡು ಕಡೆ ದೊರೆಯುತ್ತವೆ. ಮೊದಲನೆಯದು ವಸ್ತುಸಂಗ್ರಹಾಲಯ. ಮೈಸೂರು ವಿಶ್ವವಿದ್ಯಾಲಯದ ಜಾನಪದ ವಸ್ತುಸಂಗ್ರಹಾಲಯ, ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕ, ಧರ್ಮಸ್ಥಳದ ಮಂಜೂಷಾ ಮೊದಲಾದ ಸಂಗ್ರಹಗಳು ಈ ಕ್ಷೇತ್ರಕ್ಕೆ ಸಲ್ಲಿಸಿದ ಸೇವೆ ಎಲ್ಲರಿಗೂ ತಿಳಿದದ್ದೇ ಆಗಿದೆ. ಎರಡನೆಯದು ಗುಜರಿ ಅಂಗಡಿ, ವಾರದ ಸಂತೆಯಲ್ಲಿ ಹಳೆಯ ಕಬ್ಬಿಣವನ್ನು ಹರವಿಕೊಂಡು ಕೂರುವವರ ಸಾಲು ಹಾಗೂ ಬೆಂಗಳೂರಿನಂತಹ ನಗರಗಳ ಭಾನುವಾರದ ಬಜಾರು. ಸಂಗ್ರಹಾಲಯಕ್ಕೆ ಬರುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಹಳೆಯ ಉಪಕರಣಗಳು ಈ ಎರಡನೆಯ ಜಾಗಕ್ಕೆ ಬರುತ್ತವೆ. ಆದರೆ ಅವು ಅಲ್ಲಿ ಹೆಚ್ಚು ದಿನ ನಿಲ್ಲುವುದಿಲ್ಲ. ತೂಕಕ್ಕೆ ಮಾರಾಟವಾಗಿ ಕುಲುಮೆ ಸೇರುತ್ತವೆ. ಇಂತಹ ಜಾಗಗಳಲ್ಲಿ ದೊರೆಯುವ ಅಪರೂಪದ ಕೈಯುಪಕರಣಗಳನ್ನು ಗುರುತಿಸುವ ಕ್ರಮ ಯಾವುದು, ಅದರಲ್ಲಿ ಎದುರಾಗುವ ತೊಡಕುಗಳೇನು ಎಂಬುದನ್ನು ಕೆಲವು ನಿದರ್ಶನಗಳ ಮೂಲಕ ಚರ್ಚಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ತುಮಕೂರು, ಚಿತ್ರದುರ್ಗ, ಗದಗ ಹಾಗೂ ಶಿವಮೊಗ್ಗ ಜಿಲ್ಲೆಗಳಲ್ಲಿ ಬೇರೆ ಬೇರೆ ಸಂದರ್ಭಗಳಲ್ಲಿ ಕೈಗೊಂಡ ಕ್ಷೇತ್ರಕಾರ್ಯ ಇದಕ್ಕೆ ಆಧಾರವಾಗಿದೆ.

ಮುಟ್ಟು ಎಂಬ ಪರಿಕಲ್ಪನೆ

ಕಸುಬಿನ ಉಪಕರಣಕ್ಕೆ ಕನ್ನಡದಲ್ಲಿ ‘ಮುಟ್ಟು’ ಎಂಬ ಹಳೆಯ ಪದವಿದೆ. ಬೇಸಾಯದ ಮುಟ್ಟು, ಬಡಗಿಯ ಮುಟ್ಟು, ಕಮ್ಮಾರನ ಮುಟ್ಟು ಎಂಬ ಪ್ರಯೋಗಗಳು ಹಳ್ಳಿಗಳಲ್ಲಿ ಈಗಲೂ ಕೇಳಿಬರುತ್ತವೆ. ‘ಉಪಕರಣ’ ಎಂದಾಗ ಬರಿಯ ವಸ್ತು ಕಣ್ಣ ಮುಂದೆ ಬರುತ್ತದೆ. ‘ಮುಟ್ಟು’ ಎಂದಾಗ ಅದನ್ನು ಹಿಡಿದ ಕೈಯೂ ಜೊತೆಗೆ ಬರುತ್ತದೆ. ಹನ್ನೆರಡನೆಯ ಶತಮಾನದ ಶರಣರ ಹೆಸರುಗಳನ್ನು ಈ ದೃಷ್ಟಿಯಿಂದ ಗಮನಿಸಬಹುದು. ಬಾಚಿಕಾಯಕದ ಬಸವಯ್ಯ, ಕದಿರ ರೆಮ್ಮವ್ವೆ ಎಂಬ ಹೆಸರುಗಳಲ್ಲಿ ಬಡಗಿಯ ಬಾಚಿ ಮತ್ತು ನೂಲುವ ರಾಟೆಯ ಕದಿರು ವ್ಯಕ್ತಿಯ ಗುರುತೇ ಆಗಿ ನಿಂತಿವೆ. ಮುಟ್ಟಿನಿಂದ ಮನುಷ್ಯನನ್ನು ಗುರುತಿಸುತ್ತಿದ್ದ ಸಮಾಜ ಅದು. ಗುಜರಿಯ ರಾಶಿಯ ಮುಂದೆ ನಿಂತ ಸಂಶೋಧಕನ ಸಮಸ್ಯೆ ಇದಕ್ಕೆ ವಿರುದ್ಧವಾದದ್ದು: ಮುಟ್ಟು ಇದೆ, ಮನುಷ್ಯ ಇಲ್ಲ.

ವರ್ಷಕ್ಕೊಮ್ಮೆ ಆಯುಧಪೂಜೆಯಲ್ಲಿ ಅರಿಸಿನ, ಕುಂಕುಮ, ವಿಭೂತಿ ಹಚ್ಚಿಸಿಕೊಂಡ, ಕಾಲು ತಾಗಿದರೆ ಮುಟ್ಟಿ ನಮಸ್ಕರಿಸುವಷ್ಟು ಗೌರವ ಪಡೆದ ವಸ್ತುವನ್ನು ಒಂದು ಕುಟುಂಬ ತೂಕಕ್ಕೆ ಹಾಕುವುದು ಸುಲಭವಾಗಿ ಅಲ್ಲ. ಕಸುಬುದಾರ ತೀರಿಕೊಂಡು ಮಕ್ಕಳು ಬೇರೆ ಉದ್ಯೋಗ ಹಿಡಿದಾಗ, ಹಳೆಯ ತೊಟ್ಟಿಮನೆಯನ್ನು ಕೆಡವಿ ತಾರಸಿ ಮನೆ ಕಟ್ಟಿದಾಗ, ಎತ್ತು ಮಾರಿ ಬಾಡಿಗೆ ಟ್ರ್ಯಾಕ್ಟರಿಗೆ ಹೊಲ ಒಪ್ಪಿಸಿದಾಗ ಮುಟ್ಟುಗಳು ಅಟ್ಟದಿಂದ ಇಳಿಯುತ್ತವೆ. ಆದ್ದರಿಂದ ಗುಜರಿಯ ರಾಶಿಯನ್ನು ಒಂದು ಸೀಮೆಯಲ್ಲಿ ಯಾವ ಕಸುಬು ಯಾವಾಗ ನಿಂತಿತು ಎಂಬುದರ ದಾಖಲೆಯಾಗಿಯೂ ಓದಲು ಸಾಧ್ಯವಿದೆ.

ತಪ್ಪು ಗುರುತಿನ ಹಳೆಯ ಚರಿತ್ರೆ

ಉಪಕರಣಗಳನ್ನು ತಪ್ಪಾಗಿ ತಿಳಿಯುವುದು ಇಂದಿನ ಸಮಸ್ಯೆಯಷ್ಟೇ ಅಲ್ಲ. 1790ರ ದಶಕದಲ್ಲಿ ದಕ್ಷಿಣ ಭಾರತದಲ್ಲಿದ್ದ ಥಾಮಸ್ ಹಾಲ್ಕಾಟ್ ಎಂಬ ಬ್ರಿಟಿಷ್ ಸೇನಾಧಿಕಾರಿ ಕೂರಿಗೆಯನ್ನು ಕುರಿತು ಇಂಗ್ಲೆಂಡಿನ ಕೃಷಿ ಮಂಡಳಿಗೆ ಪತ್ರ ಬರೆದನು. ಸಾಲಾಗಿ ಬೀಜ ಬಿತ್ತುವ ಸಾಧನ ಯುರೋಪಿನ ಹೊಸ ಶೋಧವೆಂದು ಅವನು ಅಲ್ಲಿಯವರೆಗೆ ನಂಬಿದ್ದನು. ಆಂಧ್ರ ಸೀಮೆಯ ಹೊಲವೊಂದರಲ್ಲಿ ಕೂರಿಗೆ ನಡೆಯುತ್ತಿದ್ದುದನ್ನು ಕಣ್ಣಾರೆ ಕಂಡ ಮೇಲೆ ಆ ನಂಬಿಕೆಯನ್ನು ಬಿಡಬೇಕಾಯಿತು. ಕೆಲವೇ ವರ್ಷಗಳ ತರುವಾಯ, 1800-01ರಲ್ಲಿ, ಫ್ರಾನ್ಸಿಸ್ ಬುಕನನ್ ಮೈಸೂರು ಸೀಮೆಯಲ್ಲಿ ಪ್ರವಾಸ ಮಾಡಿದನು. 1807ರಲ್ಲಿ ಮೂರು ಸಂಪುಟಗಳಲ್ಲಿ ಪ್ರಕಟವಾದ ಅವನ ಪ್ರವಾಸ ಕಥನದಲ್ಲಿ ಇಲ್ಲಿನ ಬೇಸಾಯದ ಮುಟ್ಟುಗಳ ಚಿತ್ರಗಳಿವೆ. ಕಬ್ಬಿಣ ಕರಗಿಸುವ, ಉಕ್ಕು ಮಾಡುವ, ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಉಕ್ಕಿನ ತಂತಿ ಎಳೆಯುವ ಕೆಲಸಗಳ ವಿವರಗಳಿವೆ. ಬುಕನನ್ನನ ಉದ್ದೇಶ ಹೊಸದಾಗಿ ಗೆದ್ದ ಸೀಮೆಯ ಸಂಪನ್ಮೂಲಗಳ ಲೆಕ್ಕ. ಆದರೆ ಅವನು ವಸ್ತುವನ್ನು ಕೆಲಸದ ನಡುವೆ ನೋಡಿ, ಅದರ ಸ್ಥಳೀಯ ಹೆಸರನ್ನು ಕೇಳಿ ಬರೆದುಕೊಂಡನು. ಆ ಕ್ರಮದಿಂದಾಗಿಯೇ ಎರಡು ಶತಮಾನ ಕಳೆದ ಮೇಲೂ ಅವನ ಬರಹ ನಮಗೆ ಆಕರವಾಗಿ ಉಳಿದಿದೆ.

ಅನಂತರದ ಕಾಲದಲ್ಲಿ ಫರ್ಡಿನೆಂಡ್ ಕಿಟ್ಟೆಲ್‌ರ ನಿಘಂಟು (1894) ಕಸುಬಿನ ಪದಗಳನ್ನು ಗಣನೀಯವಾಗಿ ದಾಖಲಿಸಿತು. ಇತ್ತೀಚಿನ ದಶಕಗಳ ವೃತ್ತಿ ಪದಕೋಶಗಳು ಈ ಕೆಲಸವನ್ನು ಮುಂದುವರಿಸಿದವು. ಆದರೆ ಪದಕೋಶ ಹೆಸರಿನಿಂದ ವಸ್ತುವಿಗೆ ಹೋಗುವ ದಾರಿ. ಗುಜರಿಯಲ್ಲಿ ನಿಂತವನಿಗೆ ಬೇಕಾದದ್ದು ವಸ್ತುವಿನಿಂದ ಹೆಸರಿಗೆ ಹೋಗುವ ದಾರಿ.

ಅರ್ಧ ಉಪಕರಣದ ಸಮಸ್ಯೆ

ಗುಜರಿಗೆ ಬರುವುದು ಸಾಮಾನ್ಯವಾಗಿ ಇಡೀ ಮುಟ್ಟಲ್ಲ, ಅರ್ಧ ಮುಟ್ಟು. ಅಲ್ಲಿ ಬೆಲೆ ಇರುವುದು ಲೋಹಕ್ಕೆ ಮಾತ್ರ. ಮರದ ಹಿಡಿ, ಬಿದಿರು, ಚರ್ಮ, ಹಗ್ಗ ಇವುಗಳನ್ನು ಮನೆಯಲ್ಲೇ ಕಿತ್ತು ಒಲೆಗೆ ಹಾಕಿರುತ್ತಾರೆ.

ಇದಕ್ಕೆ ಕೂರಿಗೆಯೇ ಒಳ್ಳೆಯ ನಿದರ್ಶನ. ದಿಂಡು, ಅದಕ್ಕೆ ನೆಟ್ಟ ತಾಳುಗಳು, ಮೇಲಿನ ಬಟ್ಟಲು, ಬಟ್ಟಲಿನಿಂದ ಪ್ರತಿ ತಾಳಿಗೂ ಇಳಿಯುವ ಬಿದಿರಿನ ಕೊಳವೆಗಳು, ಎತ್ತುಗಳ ನೊಗಕ್ಕೆ ಕಟ್ಟುವ ಈಸು ಇವೆಲ್ಲ ಕೂಡಿದರೆ ಕೂರಿಗೆ. ಅದು ಮನೆ ಬಿಟ್ಟಾಗ ಮೂರು ಪಾಲಾಗುತ್ತದೆ. ತಾಳಿನ ತುದಿಯ ಕಬ್ಬಿಣ ಗುಜರಿಗೆ ಹೋಗುತ್ತದೆ. ಬಿದಿರು ಸೌದೆಯಾಗುತ್ತದೆ. ಗಟ್ಟಿ ಮರದಲ್ಲಿ ಕಡೆದ ಬಟ್ಟಲು ನೋಡಲು ಚೆನ್ನಾಗಿರುವುದರಿಂದ ನಗರದ ಹಳೆಯ ವಸ್ತುಗಳ ಅಂಗಡಿ ಸೇರುತ್ತದೆ. ತಳದಲ್ಲಿ ವೃತ್ತಾಕಾರವಾಗಿ ರಂಧ್ರಗಳಿರುವ ಈ ಬಟ್ಟಲನ್ನು ಮೇಣದಬತ್ತಿಯ ಪೀಠವೆಂದೋ ಊದುಬತ್ತಿಯ ಸ್ಟ್ಯಾಂಡ್ ಎಂದೋ ಮಾರುವುದನ್ನು ನಾನು ಹಲವು ಬಾರಿ ಕಂಡಿದ್ದೇನೆ.

ಆದರೆ ಆ ರಂಧ್ರಗಳೇ ಅದರ ಊರನ್ನೂ ಬೆಳೆಯನ್ನೂ ಹೇಳಬಲ್ಲವು. ರಂಧ್ರಗಳ ಸಂಖ್ಯೆ ತಾಳುಗಳ ಸಂಖ್ಯೆಗೆ ಸಮ. ಉತ್ತರ ಕರ್ನಾಟಕದ ಕಪ್ಪುಮಣ್ಣಿನಲ್ಲಿ ಜೋಳ ಬಿತ್ತುವ ಕೂರಿಗೆಗೆ ಮೂರು ನಾಲ್ಕು ತಾಳುಗಳು, ಸಾಲುಗಳ ನಡುವೆ ಹೆಚ್ಚು ಅಂತರ. ದಕ್ಷಿಣದ ಕೆಂಪುಮಣ್ಣಿನ ರಾಗಿ ಸೀಮೆಯ ಕೂರಿಗೆಗೆ ತಾಳುಗಳು ಹೆಚ್ಚು, ಅಂತರ ಕಡಿಮೆ. ಒಂದೇ ರಂಧ್ರವಿರುವ ಸಣ್ಣ ಬಟ್ಟಲು ಸಿಕ್ಕರೆ ಅದು ಕೂರಿಗೆಯ ಹಿಂದೆ ಹಗ್ಗದಲ್ಲಿ ಕಟ್ಟಿ ಅವರೆ, ತೊಗರಿಯಂತಹ ಅಕ್ಕಡಿ ಕಾಳನ್ನು ಬಿಡುವ ಸಡ್ಡೆಯದಾಗಿರುವ ಸಾಧ್ಯತೆ ಹೆಚ್ಚು. ಬಟ್ಟಲಿನ ಒಳಮೈ ನುಣುಪಾಗಿ ಸವೆದಿರುವುದು ಬೀಜದಿಂದ ಮಾತ್ರವಲ್ಲ. ಮುಷ್ಟಿಯಲ್ಲಿ ಬೀಜ ಹಿಡಿದು, ಎತ್ತಿನ ನಡಿಗೆಗೆ ಸರಿಯಾಗಿ ಎಲ್ಲ ರಂಧ್ರಗಳಿಗೂ ಸಮನಾಗಿ ಬೀಳುವಂತೆ ಬೆರಳ ಸಂದಿಯಿಂದ ಬಿಡುತ್ತಿದ್ದ ಕೈ, ಅನೇಕ ಕಡೆ ಹೆಂಗಸಿನ ಕೈ, ಅಲ್ಲಿ ಆಡಿದೆ. ಈ ಕೌಶಲ ಯಾವ ಬಟ್ಟಲಿನ ಮೇಲೂ ಬರೆದಿಲ್ಲ. ಬಟ್ಟಲು ಪೀಠವಾದ ದಿನ ಅದು ಚರಿತ್ರೆಯಿಂದಲೂ ಅಳಿಸಿಹೋಗುತ್ತದೆ.

ಮೂರು ಮೊನೆಗಳು

ಒಂದೇ ಆಕಾರದ ವಸ್ತುಗಳು ಬೇರೆ ಬೇರೆ ಕಸುಬಿಗೆ ಸೇರಿದಾಗ ಗುರುತಿಸುವಿಕೆ ಇನ್ನಷ್ಟು ಸೂಕ್ಷ್ಮವಾಗುತ್ತದೆ. ಗೇಣುದ್ದದ ಚೂಪಾದ ಕಬ್ಬಿಣದ ಕಡ್ಡಿಗಳು ಗುಜರಿಯ ಡಬ್ಬಗಳಲ್ಲಿ ಧಾರಾಳವಾಗಿ ಸಿಗುತ್ತವೆ. ಅಂಗಡಿಯವರು ಎಲ್ಲವನ್ನೂ ‘ದಬ್ಬಳ’ ಎನ್ನುವುದು ವಾಡಿಕೆ. ಅವುಗಳಲ್ಲಿ ಕನಿಷ್ಠ ಮೂರು ಬಗೆಗಳನ್ನು ಬೇರ್ಪಡಿಸಬೇಕು.

ಗೋಣಿಚೀಲ ಹೊಲಿಯುವ ದಬ್ಬಳಕ್ಕೆ ಕಣ್ಣು ಇರುತ್ತದೆ. ಸುತಳಿ ಉಜ್ಜಿ ಉಜ್ಜಿ ಆ ಕಣ್ಣಿನ ಒಂದು ಅಂಚು ಸವೆದಿರುತ್ತದೆ. ಚರ್ಮ ಹೊಲಿಯುವವರ ಆರಿಗೆ ಕಣ್ಣಿನ ಬದಲು ತುದಿಯ ಹತ್ತಿರ ದಾರವನ್ನು ಎಳೆದುಕೊಳ್ಳುವ ಸಣ್ಣ ಕೊಕ್ಕೆಯಂತಹ ಕಚ್ಚು ಇರುತ್ತದೆ. ಅಂಗೈ ಒತ್ತಿ ಒತ್ತಿ ಅದರ ಮರದ ಹಿಡಿಯ ತಲೆ ಮಿರುಗುತ್ತಿರುತ್ತದೆ. ಮೂರನೆಯದಕ್ಕೆ ಕಣ್ಣೂ ಇಲ್ಲ, ಕಚ್ಚೂ ಇಲ್ಲ. ಮೊನೆ ಚೂಪಾಗಿದ್ದರೂ ಬೆರಳಿಗೆ ದುಂಡಗೆ ತಾಗುತ್ತದೆ, ಚುಚ್ಚುವುದಿಲ್ಲ, ಗೀರುತ್ತದೆ. ಹಿಂತುದಿ ಚಪ್ಪಟೆಯಾಗಿರಬಹುದು, ಕೆಲವೊಮ್ಮೆ ಅಲ್ಲಿ ಸಣ್ಣ ಅಲಗೂ ಇರುತ್ತದೆ. ಇದು ತಾಳೆಗರಿಯ ಮೇಲೆ ಬರೆಯುವ ಕಂಟ. ಗರಿಯ ನಾರು ಹರಿಯದಂತೆ ಮೇಲ್ಪದರದಲ್ಲಿ ಮಾತ್ರ ಅಕ್ಷರ ಕೊರೆಯಬೇಕಾದ್ದರಿಂದ ಮೊನೆ ದುಂಡಗಿರಬೇಕು. ಗರಿಯ ಅಂಚು ಸವರಲು ಅಲಗು ಬೇಕು. ಕೊರೆದ ಅಕ್ಷರಗಳಿಗೆ ಆಮೇಲೆ ಮಸಿ ತೀಡಿ ಒರೆಸುತ್ತಿದ್ದರು.

ತುಮಕೂರು ಜಿಲ್ಲೆಯ ಒಂದು ಸಂತೆಯಲ್ಲಿ ಇಂತಹ ಒಂದು ಕಂಟ ಆರಿಗಳ ಕಂತೆಯೊಳಗೆ ಸಿಕ್ಕಿತು. ಅದನ್ನು ಮಾರಿದವರ ಮನೆಯನ್ನು ವಿಚಾರಿಸಿಕೊಂಡು ಹೋದಾಗ ಓಲೆಗಳ ಕಟ್ಟು ಇತ್ತೆಂದೂ, ಅದನ್ನು ಯಾರೂ ಓದಲಾರರೆಂದು ಬಾವಿಗೆ ಬಿಟ್ಟೆವೆಂದೂ ಆ ಮನೆಯ ಹಿರಿಯರು ಹೇಳಿದರು. ಅದರಲ್ಲಿ ವೈದ್ಯವಿತ್ತೋ, ಯಕ್ಷಗಾನ ಪ್ರಸಂಗವಿತ್ತೋ, ಬರಿಯ ಲೇವಾದೇವಿಯ ಲೆಕ್ಕವಿತ್ತೋ ಹೇಳುವವರಿಲ್ಲ. ಕಂಟವನ್ನು ಒಂದು ವರ್ಷ ಮೊದಲು ಗುರುತಿಸಿದ್ದರೆ ಓಲೆಗಳೂ ಸಿಗುತ್ತಿದ್ದವು. ಗುರುತಿಸುವಿಕೆ ಕೇವಲ ಪಟ್ಟಿ ಮಾಡುವ ಕೆಲಸವಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ.

ಮುದ್ರೆ ಮತ್ತು ಕಾಲನಿರ್ಣಯ

ದೇಶೀಯ ಕಮ್ಮಾರರು ಸಾಮಾನ್ಯವಾಗಿ ತಮ್ಮ ಕೆಲಸಕ್ಕೆ ಹೆಸರು ಹಾಕಿದವರಲ್ಲ. ಮುದ್ರೆ ಇರುವುದು ಹೆಚ್ಚಾಗಿ ಆಮದಾದ ಅಥವಾ ಕಾರ್ಖಾನೆಯ ವಸ್ತುಗಳಲ್ಲಿ. ಇಂಗ್ಲೆಂಡಿನ ಶೆಫೀಲ್ಡ್ ಮುದ್ರೆಯ ಉಳಿ, ಅರ, ಗರಗಸಗಳು ಗುಜರಿಯಲ್ಲಿ ಈಗಲೂ ಕಾಣಸಿಗುತ್ತವೆ. ಮುದ್ರೆಯಿಂದ ಕಾಲವನ್ನು ಎಷ್ಟರಮಟ್ಟಿಗೆ ನಿರ್ಧರಿಸಬಹುದು ಎಂಬುದಕ್ಕೆ ರೈಲ್ವೆಯ ಸುತ್ತಿಗೆಗಳು ಉಪಯುಕ್ತ ನಿದರ್ಶನ. ಹುಬ್ಬಳ್ಳಿ ಕಡೆಯ ಗುಜರಿಗಳಲ್ಲಿ ಎಂ.ಎಸ್.ಎಂ. ಎಂಬ ಇಂಗ್ಲಿಷ್ ಅಕ್ಷರಗಳನ್ನು ಒತ್ತಿದ ಮುಟ್ಟುಗಳು ಆಗಾಗ ದೊರೆಯುತ್ತವೆ. ಮದ್ರಾಸ್ ರೈಲ್ವೆ ಮತ್ತು ಸದರ್ನ್ ಮರಾಠಾ ರೈಲ್ವೆಗಳು ಸೇರಿ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆಯಾದದ್ದು 1908ರಲ್ಲಿ. ಅದು ದಕ್ಷಿಣ ರೈಲ್ವೆಯಲ್ಲಿ ವಿಲೀನವಾದದ್ದು 1951ರಲ್ಲಿ. ಹಾಗಾಗಿ ಮುದ್ರೆ ಬಿದ್ದ ಕಾಲ ಈ 43 ವರ್ಷಗಳ ಒಳಗಿನದು ಎಂದು ಹೇಳಬಹುದು.

ಆದರೆ ಇಲ್ಲಿ ಎಚ್ಚರ ಬೇಕು. ಮುದ್ರೆ ಒಡೆತನದ ಕಾಲವನ್ನು ಹೇಳುತ್ತದೆ, ಬಳಕೆಯ ಕಾಲವನ್ನು ಹೇಳುವುದಿಲ್ಲ. ನನಗೆ ದೊರೆತ ಅಂತಹ ಒಂದು ಸುತ್ತಿಗೆಯ ಒಂದು ಮುಖವನ್ನು ಕುಲುಮೆಯಲ್ಲಿ ಕಾಯಿಸಿ ಬಡಿದು ಸಣ್ಣದು ಮಾಡಲಾಗಿದೆ. ಚಾಣದ ತಲೆಗೆ ಹೊಡೆದು ಹೊಡೆದು ಆ ಮುಖದಲ್ಲಿ ಕುಳಿ ಬಿದ್ದಿದೆ. ಅಂದರೆ ರೈಲು ಹಳಿಯ ಮೇಲೆ ದುಡಿದ ಸುತ್ತಿಗೆ ಆಮೇಲೆ ಕಲ್ಲುಕುಟಿಗರ ಕೈಯಲ್ಲಿ ಎರಡನೆಯ ಬಾಳು ಬಾಳಿದೆ. ಇದೇ ರೀತಿ ಸವೆದ ಅರವನ್ನು ಬಡಿದು ಮಾಡಿದ ಚೂರಿಯ ಮೈಮೇಲೆ ಅರದ ಹಲ್ಲುಗಳ ಗೆರೆ ಉಳಿದಿರುತ್ತದೆ. ಲಾರಿಯ ಕಮಾನು ಪಟ್ಟಿಯಿಂದ ಮಾಡಿದ ಮಚ್ಚು ಎಷ್ಟೇ ಹಳೆಯದಾಗಿ ಕಂಡರೂ ಆ ಸೀಮೆಗೆ ಮೋಟಾರು ವಾಹನ ಬಂದ ಮೇಲಿನದೇ ಆಗಿರಬೇಕು. ತುಕ್ಕು ವಯಸ್ಸಿನ ಸಾಕ್ಷಿಯಲ್ಲ. ಒಂದು ಮಳೆಗಾಲ ಅಂಗಳದಲ್ಲಿ ಬಿದ್ದ ಹೊಸ ಕುಡುಗೋಲು ಅಟ್ಟದಲ್ಲಿ ಎಣ್ಣೆ ಹಚ್ಚಿಟ್ಟ ನೂರು ವರ್ಷದ ಬಾಚಿಗಿಂತ ಹಳೆಯದಾಗಿ ಕಾಣಬಹುದು.

ಒಂದು ತಪ್ಪು ಪಟ್ಟಿ

ಈ ಪ್ರಬಂಧಕ್ಕೆ ನಿಜವಾದ ಪ್ರೇರಣೆ ನನ್ನದೇ ಒಂದು ತಪ್ಪು. ಸಂಶೋಧನ ವಿದ್ಯಾರ್ಥಿಯಾಗಿದ್ದಾಗ ಒಂದು ಸಣ್ಣ ಸಂಗ್ರಹಾಲಯದ ವಸ್ತುಗಳಿಗೆ ವಿವರಪಟ್ಟಿ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಗುಜರಿಯವರೊಬ್ಬರಿಂದ ಕೊಂಡ ವಸ್ತುಗಳ ನಡುವೆ ಗಟ್ಟಿ ಮರದಲ್ಲಿ ಕಡೆದ, ನಡು ಸಣ್ಣಗಿದ್ದು ಎರಡು ತುದಿ ದಪ್ಪಗಿರುವ ಒಂದು ಗುಂಡು ಇತ್ತು. ಅದರ ಆಕಾರ ವ್ಯಾಯಾಮದ ಡಂಬೆಲ್ಸ್‌ನಂತಿತ್ತು. ಉತ್ತರ ಕರ್ನಾಟಕದಿಂದ ಬಂದದ್ದು, ಅಲ್ಲಿ ಗರಡಿಮನೆಗಳ ಪರಂಪರೆ ಇದೆ ಎಂದು ತರ್ಕಿಸಿ ‘ಗರಡಿಯ ಸಾಧನ’ ಎಂದು ಬರೆದೆ. ಮುಂದೆ ಗರಡಿಮನೆಗಳ ಕುರಿತ ನನ್ನ ಲೇಖನವೊಂದರಲ್ಲಿ ಅದನ್ನು ಉದಾಹರಣೆಯಾಗಿಯೂ ಕೊಟ್ಟೆ. ಆ ಲೇಖನವನ್ನು ಆಧರಿಸಿ ಇನ್ನೊಬ್ಬರು ಬರೆದರು. ಒಂಬತ್ತು ವರ್ಷ ಆ ಪಟ್ಟಿ ಹಾಗೆಯೇ ಇತ್ತು.

ಬೇರೊಂದು ವಿಷಯಕ್ಕಾಗಿ ಗದಗ ಜಿಲ್ಲೆಯಲ್ಲಿ ಕ್ಷೇತ್ರಕಾರ್ಯದಲ್ಲಿದ್ದಾಗ ಎಪ್ಪತ್ತು ದಾಟಿದ ಪಿಂಜಾರ ಸಮುದಾಯದ ಹಿರಿಯರೊಬ್ಬರಿಗೆ ನನ್ನ ಬಳಿಯಿದ್ದ ಛಾಯಾಚಿತ್ರಗಳನ್ನು ತೋರಿಸುತ್ತಿದ್ದೆ. ಈ ಗುಂಡಿನ ಚಿತ್ರ ಬಂದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಇದು ಗರಡೀದಲ್ರೀ ಸರ, ನಮ್ಮ ಹೊಟ್ಟೀದು” ಎಂದರು.

ಅದು ಹತ್ತಿ ಬಡಿಯುವ ಬಿಲ್ಲಿನ ಗುಂಡು. ನರದ ಹುರಿ ಬಿಗಿದ ದೊಡ್ಡ ಬಿಲ್ಲನ್ನು ಎಡಗೈಯಲ್ಲಿ ಹಿಡಿದು, ಹುರಿಯನ್ನು ಹತ್ತಿಯ ರಾಶಿಗೆ ತಾಗಿಸಿ, ಬಲಗೈಯಲ್ಲಿ ಹಿಡಿದ ಈ ಗುಂಡಿನ ಅಂಚಿನಿಂದ ಹುರಿಯನ್ನು ಸೆಳೆದು ಬಿಡುತ್ತಾರೆ. ಹುರಿ ನಡುಗಿದಂತೆ ಹತ್ತಿಯ ಗಂಟು ಬಿಚ್ಚಿ, ಕಸ ಉದುರಿ, ಎಳೆಗಳು ಹಗುರಾಗಿ ಎದ್ದು ಬರುತ್ತವೆ. ಹಾಸಿಗೆ, ದಿಂಬು ತುಂಬಿಸುವ ಕಾಲಕ್ಕೆ ಬೀದಿಯಲ್ಲಿ ಬಿಲ್ಲಿನ ನಾದ ಕೇಳಿಯೇ ಜನ ಪಿಂಜಾರರನ್ನು ಕರೆಯುತ್ತಿದ್ದರು. ನಡಾಫ, ಪಿಂಜಾರ ಎಂದು ಕರೆಸಿಕೊಳ್ಳುವ ಈ ಸಮುದಾಯದ ಕೈಕಸುಬು ಹತ್ತಿ ಬಿಡಿಸುವ ಯಂತ್ರಗಳು ಬಂದ ಮೇಲೆ ಕುಗ್ಗುತ್ತ ಹೋಯಿತು. ಬಿಲ್ಲು ಉದ್ದವಾದ್ದರಿಂದ ಮನೆಯಲ್ಲಿ ಇಡಲು ಜಾಗವಿಲ್ಲದೆ ಹೋಗುತ್ತದೆ. ಗುಂಡು ಮಾತ್ರ ಉಳಿಯುತ್ತದೆ. ಇದೂ ಅರ್ಧ ಮುಟ್ಟೇ.

ಮರಳಿ ಬಂದು ವಸ್ತುವನ್ನು ಪರಿಶೀಲಿಸಿದಾಗ ಸಾಕ್ಷಿಗಳೆಲ್ಲ ಅದರ ಮೈಮೇಲೆಯೇ ಇದ್ದವು. ಒಂದು ತುದಿಯ ಅಂಚಿನಲ್ಲಿ ಮಾತ್ರ ಹುರಿ ಉಜ್ಜಿದ ಸಣ್ಣ ತೋಡು ಇತ್ತು. ವ್ಯಾಯಾಮಕ್ಕೆ ಎತ್ತುವ ವಸ್ತುವಿಗೆ ಅಂತಹ ತೋಡು ಬೀಳಲು ಕಾರಣವಿಲ್ಲ. ತೂಕ ಒಂದು ಕಿಲೋಗ್ರಾಮಿಗಿಂತ ಕಡಿಮೆ. ಅದನ್ನು ಎತ್ತಿ ಯಾವ ಪೈಲವಾನನೂ ಮೈ ಬೆಳೆಸಲಾರ. ಇದ್ದದ್ದು ಒಂದೇ, ಜೋಡಿಯಿರಲಿಲ್ಲ. ನಾನು ಆಕಾರವನ್ನು ನೋಡಿದ್ದೆ, ಸವಕಳಿಯನ್ನು ನೋಡಿರಲಿಲ್ಲ. ನನ್ನ ಪಟ್ಟಿಯಿಂದ ಆ ವಸ್ತುವಿಗೆ ಹಾನಿಯಾಗಲಿಲ್ಲ, ನಿಜ. ಆದರೆ ತಮ್ಮ ಕಸುಬಿನ ನೆನಪಿಗೆ ಆ ಕಟ್ಟಡದಲ್ಲಿ ಇದ್ದ ಏಕೈಕ ವಸ್ತುವನ್ನು ಒಂದು ಸಮುದಾಯ ಒಂಬತ್ತು ವರ್ಷ ಕಳೆದುಕೊಂಡಿತ್ತು. ಪಟ್ಟಿಯನ್ನು ಬದಲಿಸಲಾಯಿತು, ಮುದ್ರಿತ ಲೇಖನದಲ್ಲಿ ಆ ತಪ್ಪು ಹಾಗೆಯೇ ಇದೆ. ಅದನ್ನು ಇಲ್ಲಿ ದಾಖಲಿಸುವುದು ನನ್ನ ಕರ್ತವ್ಯವೆಂದು ಭಾವಿಸುತ್ತೇನೆ.

ಹೆಸರಿನ ತೊಡಕು

ಹೆಸರು ಸಿಕ್ಕ ಮಾತ್ರಕ್ಕೆ ಗುರುತಿಸುವಿಕೆ ಮುಗಿಯುವುದಿಲ್ಲ. ಒಂದೇ ಹೆಸರು ಬೇರೆ ಸೀಮೆಯಲ್ಲಿ ಬೇರೆ ವಸ್ತುವನ್ನು ಸೂಚಿಸುತ್ತದೆ. ಬಯಲುಸೀಮೆಯಲ್ಲಿ ‘ಕತ್ತಿ’ ಎಂದರೆ ಮೊದಲು ನೆನಪಾಗುವುದು ಯುದ್ಧದ ಆಯುಧ. ಕರಾವಳಿ, ಮಲೆನಾಡುಗಳಲ್ಲಿ ಅದು ಸೊಪ್ಪು ಸೌದೆ ಕಡಿಯುವ ದಿನಬಳಕೆಯ ಮುಟ್ಟು. ತರಕಾರಿ ಹೆಚ್ಚುವ ಈಳಿಗೆ ಮಲೆನಾಡಿನಲ್ಲಿ ಮೆಟ್ಟುಗತ್ತಿಯಾಗುತ್ತದೆ, ಅದೇ ಮೆಟ್ಟುಗತ್ತಿ ಸುಗ್ಗಿಯಲ್ಲಿ ಅಡಿಕೆ ಸುಲಿಯುತ್ತದೆ. ಅಡಿಕೆ ಸುಲಿದ ಅಲಗನ್ನು ಅದರ ಮೇಲೆ ಕೂತ ಕಂದುಬಣ್ಣದ ಚೊಗರಿನ ಕಲೆಯಿಂದ ಬೇರ್ಪಡಿಸಬಹುದು. ಅಂಗಡಿಯವರು ಅದನ್ನು ಉಪ್ಪುಕಾಗದದಿಂದ ಉಜ್ಜಿ ಹೊಳಪು ಮಾಡಿದ್ದರೆ ಆ ಸಾಕ್ಷಿಯೂ ಇಲ್ಲ. ಆದ್ದರಿಂದ ಕೊಂಡ ವಸ್ತುವನ್ನು ತೊಳೆಯುವ, ಉಜ್ಜುವ ಮೊದಲೇ ಪರಿಶೀಲಿಸುವುದು ಅಗತ್ಯ. ಹಿಡಿಯ ಸಂದಿನಲ್ಲಿ ಸಿಕ್ಕಿಕೊಂಡ ಅರಿಸಿನ, ವಿಭೂತಿ, ಮೇಣ, ಅರಗು, ನೂಲಿನ ಎಳೆ ಇವೆಲ್ಲವೂ ಆಕರಗಳೇ.

ಕೆಲವು ಸಲಹೆಗಳು

ಮೇಲಿನ ನಿದರ್ಶನಗಳಿಂದ ಒಂದು ಕ್ರಮವನ್ನು ರೂಪಿಸಿಕೊಳ್ಳಬಹುದು. ವಸ್ತು ದೊರೆತ ಜಾಗ ಮತ್ತು ಮಾರಿದವರ ಊರನ್ನು ಅಲ್ಲಿಯೇ ಬರೆದುಕೊಳ್ಳಬೇಕು, ಏಕೆಂದರೆ ಗುಜರಿಯವರ ನೆನಪು ಮುಂದಿನ ಲೋಡು ಬರುವವರೆಗೆ ಮಾತ್ರ. ಅನಂತರ ಅಳತೆ, ತೂಕ, ಲೋಹ, ಮರ ಇವುಗಳ ವಿವರ. ಸವಕಳಿಯ ಜಾಗ ಮತ್ತು ದಿಕ್ಕು. ದುರಸ್ತಿ ಹಾಗೂ ರೂಪಾಂತರದ ಗುರುತುಗಳು. ಮುದ್ರೆ ಇದ್ದರೆ ಅದರ ಪ್ರತಿ. ಇಲ್ಲದ ಭಾಗ ಯಾವುದಿರಬಹುದೆಂಬ ಊಹೆ. ಇಷ್ಟಾದ ಮೇಲೆ ವಸ್ತುವನ್ನು ಅಥವಾ ಅದರ ಚಿತ್ರವನ್ನು ಕನಿಷ್ಠ ಇಬ್ಬರು ಕಸುಬುದಾರರಿಗೆ, ಪ್ರತ್ಯೇಕವಾಗಿ, ನಮ್ಮ ಊಹೆಯನ್ನು ಹೇಳದೆ ತೋರಿಸಬೇಕು. ‘ಇದು ಬಾಚಿಯೇ?’ ಎಂದು ಕೇಳಿದರೆ ಹಿರಿಯರು ನಮ್ಮ ಮನಸ್ಸು ನೋಯಿಸಬಾರದೆಂದು ಹೌದೆನ್ನುವುದುಂಟು. ಅವರ ಕೈಗೆ ಕೊಟ್ಟು ಸುಮ್ಮನಿರುವುದು ಉತ್ತಮ. ಅನೇಕ ವೇಳೆ ಬಾಯಿಗಿಂತ ಮೊದಲು ಕೈ ಅದರ ಹಿಡಿತವನ್ನು ನೆನಪಿಸಿಕೊಳ್ಳುತ್ತದೆ. ಅವರು ಹೇಳಿದ ಹೆಸರನ್ನು ಗ್ರಾಂಥಿಕ ರೂಪಕ್ಕೆ ತಿದ್ದದೆ ಆಡಿದಂತೆಯೇ ಬರೆಯಬೇಕು. ಖಚಿತವಾಗದ ವಸ್ತುವಿಗೆ ‘ಗುರುತು ನಿಶ್ಚಿತವಿಲ್ಲ’ ಎಂದು ಪಟ್ಟಿ ಹಾಕುವುದು ಅವಮಾನವಲ್ಲ. ತಪ್ಪು ಹೆಸರು ಮುಂದಿನವರ ಪ್ರಶ್ನೆಯನ್ನೇ ಮುಚ್ಚಿಬಿಡುತ್ತದೆ.

ಕಾನೂನಿನ ಒಂದು ಅಂಶವನ್ನೂ ಸಂಗ್ರಾಹಕರು ಗಮನಿಸಬೇಕು. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿಗಳ ಅಧಿನಿಯಮದ ವ್ಯಾಖ್ಯೆಯಲ್ಲಿ ನೂರು ವರ್ಷಕ್ಕೆ ಕಡಿಮೆಯಿಲ್ಲದ ಕಲೆ ಮತ್ತು ಕರಕುಶಲಕ್ಕೆ ಸಂಬಂಧಿಸಿದ ವಸ್ತುಗಳೂ, ಚಾರಿತ್ರಿಕ ಅಥವಾ ಸಾಹಿತ್ಯಕ ಮೌಲ್ಯವುಳ್ಳ ಎಪ್ಪತ್ತೈದು ವರ್ಷದ ಹಸ್ತಪ್ರತಿಗಳೂ ಬರುತ್ತವೆ. ಕೂರಿಗೆ ಬಟ್ಟಲನ್ನಾಗಲಿ ಕಂಟವನ್ನಾಗಲಿ ಯಾರೂ ಈ ದೃಷ್ಟಿಯಿಂದ ನೋಡುವುದಿಲ್ಲ. ಏಕೆಂದರೆ ಅದರ ವಯಸ್ಸನ್ನು ಹೇಳಬಲ್ಲ ದಾಖಲೆ ಇಲ್ಲ.

ಜಿಲ್ಲೆಗೊಂದರಂತೆ, ಅಲ್ಲಿನ ಕಾಲೇಜುಗಳ ಜಾನಪದ ಮತ್ತು ಚರಿತ್ರೆಯ ವಿದ್ಯಾರ್ಥಿಗಳ ನೆರವಿನಿಂದ, ಗುಜರಿಗೆ ಬರುವ ಮುಟ್ಟುಗಳ ಸಚಿತ್ರ ದಾಖಲೆ ಪುಸ್ತಕವೊಂದನ್ನು ಇಡುವುದು ಕಷ್ಟದ ಕೆಲಸವಲ್ಲ. ಎಲ್ಲವನ್ನೂ ಕೊಂಡು ಇಡಲು ಯಾವ ಸಂಗ್ರಹಾಲಯಕ್ಕೂ ಜಾಗವಿಲ್ಲ, ಅದರ ಅಗತ್ಯವೂ ಇಲ್ಲ. ಕುಲುಮೆಗೆ ಹೋಗುವ ಮೊದಲು ಒಂದು ಚಿತ್ರ, ನಾಲ್ಕು ಅಳತೆ, ಒಂದು ಹೆಸರು, ಆ ಹೆಸರು ಹೇಳ‌ಿದವರ ಊರು ಇಷ್ಟು ಉಳಿದರೂ ಸಾಕು. ಮುಟ್ಟುಗಳು ಇನ್ನೂ ಕೆಲವು ದಶಕ ಗುಜರಿಗೆ ಬರುತ್ತಲೇ ಇರಬಹುದು. ಅವುಗಳನ್ನು ಕೈಗೆ ತೆಗೆದುಕೊಂಡು ‘ಇದು ನಮ್ಮದು’ ಎನ್ನಬಲ್ಲವರ ವಯಸ್ಸು ಮಾತ್ರ ಈಗಾಗಲೇ ಎಪ್ಪತ್ತು ದಾಟಿದೆ. ದಾಖಲೆಯ ಕೆಲಸವನ್ನು ಅವರಿಂದಲೇ ಆರಂಭಿಸಬೇಕಾಗಿದೆ.